ಔಷಧಿಯ ಕರಡಿಗೆ

(ಶ್ರೀಮಠದ ಅಮೃತ ಮಹೋತ್ಸವದ ಅಂಗವಾಗಿ ನೆರೆದ ಸದ್ಭಕ್ತರ ಸಭೆಯಲ್ಲಿ ಶ್ರೀಮಠದ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)

 

ಈ ಮಂಗಲ ಸಮಯದಲ್ಲಿ ವ್ಯಾಕರಣವನ್ನಾಗಲಿ ಷಟ್‌ಸ್ಥಲ ಸಿದ್ಧಾಂತವನ್ನಾಗಲಿ ಕುರಿತು ನಾನು ನಾಲ್ಕು ಮಾತುಗಳನ್ನಾಡುವೆನೆಂದು ತಾವು ತಿಳಿದಿರಬಹುದು. ಮೂವತ್ತು ವರ್ಷಗಳಿಂದ ನಾನು ಪಾಠ ಹೇಳಿಕೊಂಡು ಬಂದಿರುವದು ಅವುಗಳನ್ನೇ. ಆದರೆ ಈ ದಿವಸ ಸನ್ನಿಧಿಯವರ ಅಪ್ಪಣೆಯನ್ನು ಬೇಡಿಕೊಂಡು ಒಂದು ಬೇರೆ ವಿಷಯವನ್ನು ಆರಿಸಿಕೊಂಡಿದ್ದೇನೆ. ಸೂಜಿಯಿಂದಲ್ಲದೆ ದೇಹದೊಳಕ್ಕೆ ಹೋಗಲಾರದ ಕೆಲವು ಔಷಧಿಗಳುಂಟು. ಅವುಗಳನ್ನು ಅತಿಸೂಕ್ಷ್ಮವಾದ ವಾಹಕಗಳಲ್ಲಿಟ್ಟು ಒಳಗೆ ಕಳುಹಿಸುವ ವಿದ್ಯೆಯು ಈಗ ಬೆಳೆಯುತ್ತಲಿದೆ. ಅದನ್ನು ಕುರಿತೇ ನನ್ನ ಅರಿಕೆ. ನಾನು ವೈದ್ಯನಲ್ಲ, ರಸಾಯನಶಾಸ್ತ್ರವನ್ನು ಓದಿದವನೂ ಅಲ್ಲ. ತಿಳಿದವರಿಂದ ಕೇಳಿ, ಗ್ರಂಥಗಳನ್ನು ಓದಿಸಿಕೊಂಡು ಅರ್ಥಮಾಡಿಕೊಂಡಷ್ಟನ್ನು ಮಾತ್ರ ಹೇಳುವೆನು. ಏಕೆ ಹೇಳಬೇಕಾಯಿತೆಂಬದನ್ನು ಮೊದಲು ಬಿನ್ನವಿಸಿಕೊಳ್ಳುತ್ತೇನೆ.

ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನನ್ನ ಹಿರಿಯಣ್ಣನಿಗೆ ಮಧುಮೇಹವಿದ್ದಿತು. ಕೆಲವು ವರ್ಷ ಮಾತ್ರೆಗಳಿಂದ ಸಾಗಿತು. ಬಳಿಕ ವೈದ್ಯರು ಇನ್ನು ಮಾತ್ರೆಗಳು ಸಾಲವೆಂದೂ, ಇನ್ಸುಲಿನ್ ಎಂಬ ಔಷಧಿಯನ್ನು ನಿತ್ಯವೂ ಸೂಜಿಯಿಂದ ಚುಚ್ಚಿಕೊಳ್ಳಬೇಕೆಂದೂ ಹೇಳಿದರು. ಆ ಸಂಜೆಯೇ ಅಣ್ಣನು ಮಠಕ್ಕೆ ಬಂದು ನನ್ನ ಮುಂದೆ ಎರಡು ಸಂದೇಹಗಳನ್ನಿಟ್ಟನು. ಮೊದಲನೆಯದು: ಈ ಔಷಧಿಯನ್ನು ದನದ ಇಲ್ಲವೆ ಹಂದಿಯ ಅಂಗದಿಂದ ತೆಗೆಯುವರಂತೆ, ಲಿಂಗಧಾರಿಯಾದವನು ಅದನ್ನು ಮೈಯೊಳಗೆ ಸೇರಿಸಿಕೊಳ್ಳಬಹುದೇ? ಎರಡನೆಯದು: ಬಾಯಿಂದ ನುಂಗುವ ಇನ್ಸುಲಿನ್ ಪುಡಿಯನ್ನು ಜಾತ್ರೆಯಲ್ಲಿ ಒಬ್ಬನು ಮಾರುತ್ತಿದ್ದಾನೆ, ಸೂಜಿಯ ಬದಲು ಅದನ್ನೇ ತೆಗೆದುಕೊಂಡರಾಗದೇ?

ನನಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ಪಂಡಿತನೆಂಬ ಅಭಿಮಾನ ಬಿಡಲಿಲ್ಲ. ವಿಚಾರಿಸಿ ಹೇಳುವೆನೆಂದು ಸಹ ಅನ್ನದೆ, ಸುಮ್ಮನೆ ತಲೆಯಾಡಿಸಿದೆನು. ಅವನು ಅದನ್ನು ಸಮ್ಮತಿಯೆಂದು ತಿಳಿದು ಎದ್ದು ಹೋದನು. ಆ ಪುಡಿಯನ್ನು ಎಂಟು ತಿಂಗಳು ನುಂಗಿದನು. ಕಾಲಿಗೆ ಮುಳ್ಳು ನಟ್ಟದ್ದು ಹುಣ್ಣಾಗಿ ಮಾಯಲಿಲ್ಲ, ಮೊಳಕಾಲಿನವರೆಗೆ ಕಾಲನ್ನು ತೆಗೆಯಬೇಕಾಯಿತು, ಮರುವರ್ಷ ಲಿಂಗೈಕ್ಯನಾದನು. ಕೊನೆಯ ದಿನಗಳಲ್ಲಿಯೂ ಅವನು ನನ್ನನ್ನು ದೂರಲಿಲ್ಲ. ಅವನು ದೂರದೆ ಇದ್ದುದರಿಂದಲೇ ಆ ಎರಡು ಪ್ರಶ್ನೆಗಳು ನನ್ನಲ್ಲಿ ಉಳಿದುಕೊಂಡವು. ಅವನಿಗೆ ಕೊಡದ ಉತ್ತರವನ್ನು ಈ ದಿವಸ ತಮಗೆ ಒಪ್ಪಿಸುತ್ತೇನೆ.

ಮೊದಲನೆಯ ಪ್ರಶ್ನೆಯು ಸುಲಭವಾದದ್ದು. ಇನ್ಸುಲಿನ್ ಎಂಬದು ನಮ್ಮೆಲ್ಲರ ಹೊಟ್ಟೆಯೊಳಗೆ, ಜಠರದ ಹಿಂಬದಿಯಲ್ಲಿರುವ ಮೇದೋಜೀರಕವೆಂಬ ಗ್ರಂಥಿಯಲ್ಲಿ ಹುಟ್ಟುವ ಒಂದು ರಸವಾಗಿರುತ್ತದೆ. ಉಂಡ ಅನ್ನವು ಸಕ್ಕರೆಯಾಗಿ ನೆತ್ತರಿಗೆ ಸೇರಿದಾಗ, ಆ ಸಕ್ಕರೆಯನ್ನು ದೇಹದ ಕಣಕಣದೊಳಕ್ಕೆ ಬಿಟ್ಟುಕೊಳ್ಳಲು ಬಾಗಿಲು ತೆರೆಯುವದು ಈ ರಸವೇ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇದನ್ನು ಪ್ರಾಣಿಗಳ ಗ್ರಂಥಿಯಿಂದ ಬೇರ್ಪಡಿಸಿದರು. ೧೯೨೨ನೆಯ ಇಸವಿಯ ಜನವರಿ ೧೧ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅದಕ್ಕೆ ಮುಂಚೆ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಕಂಡುಹಿಡಿದವರು ತಮ್ಮ ಹಕ್ಕುಪತ್ರವನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದಾಸೋಹವೆಂಬ ಶಬ್ದವನ್ನು ಅವರು ಕೇಳಿರಲಿಕ್ಕಿಲ್ಲ, ಆದರೆ ಮಾಡಿದ್ದು ಅದನ್ನೇ.

ಅಲ್ಲಿಂದ ಅರವತ್ತು ವರ್ಷಗಳವರೆಗೆ ಈ ಔಷಧಿಯು ದನ ಮತ್ತು ಹಂದಿಗಳ ಗ್ರಂಥಿಯಿಂದಲೇ ಬರುತ್ತಿದ್ದುದು ನಿಜ. ಆದಕಾರಣ ಅಣ್ಣನು ಕೇಳಿದ ಸುದ್ದಿಯು ಪೂರ್ಣ ಸುಳ್ಳಲ್ಲ, ಹಳೆಯದು. ೧೯೮೨ರಲ್ಲಿ ಮನುಷ್ಯನ ಇನ್ಸುಲಿನ್ನನ್ನು ಸೂಕ್ಷ್ಮಜೀವಿಗಳಿಂದ ಮಾಡಿಸುವ ಕ್ರಮವು ಅಮೇರಿಕೆಯಲ್ಲಿ ಬಳಕೆಗೆ ಬಂದಿತು. ನಮ್ಮ ಬೆಂಗಳೂರಿನಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಬಯೋಕಾನ್ ಸಂಸ್ಥೆಯು ಒಂದು ಜಾತಿಯ ಹುದುಗಿನ ಜೀವಿಗೆ ಈ ಕೆಲಸವನ್ನು ಕಲಿಸಿ, ೨೦೦೪ರಲ್ಲಿ ತನ್ನ ಇನ್ಸುಲಿನ್ನನ್ನು ಮಾರಾಟಕ್ಕೆ ತಂದಿತು. ಜಿಲೇಬಿಯ ಹಿಟ್ಟನ್ನು ಹುಳಿಯಿಸುವ ವರ್ಗಕ್ಕೆ ಸೇರಿದ ಜೀವಿಯೇ ಅದು. ಹೀಗೆ ಮಾಡಿದ ಮಾನವ ಇನ್ಸುಲಿನ್ನಿಗಾಗಿ ಯಾವ ದನವನ್ನೂ ಕೊಲ್ಲಬೇಕಾಗಿಲ್ಲ. ನಮ್ಮಣ್ಣನ ಚೀಟಿಯಲ್ಲಿದ್ದುದೂ ಮಾನವ ಇನ್ಸುಲಿನ್ನೇ ಆಗಿದ್ದಿತು. ಅಹಿಂಸಾವ್ರತವು ಅವನಿಗೆ ಅಡ್ಡಿಯಾಗಬೇಕಾದ ಕಾರಣವಿರಲಿಲ್ಲ. ಆ ಒಂದು ಮಾತನ್ನು ಹೇಳಲು ನಾನು ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ. ಬೀದರದ ಯಾವ ಔಷಧಿ ಅಂಗಡಿಯಲ್ಲಿ ಕೇಳಿದ್ದರೂ ತಿಳಿಯುತ್ತಿತ್ತು.

ಇನ್ನು ಎರಡನೆಯ ಪ್ರಶ್ನೆ. ಇನ್ಸುಲಿನ್ನನ್ನು ಏಕೆ ನುಂಗಬಾರದು? ಇದರಲ್ಲಿಯೇ ನನ್ನ ವಿಷಯದ ತಿರುಳಿದೆ.

ಇನ್ಸುಲಿನ್ ಒಂದು ಸಣ್ಣ ಪ್ರೋಟೀನು. ಪ್ರೋಟೀನೆಂದರೇನೆಂಬದನ್ನು ನನ್ನ ವಿದ್ಯಾರ್ಥಿಗಳಿಗಾಗಿ ವ್ಯಾಕರಣದ ಮಾತಿನಲ್ಲಿ ಹೇಳುವೆನು. ಅಮೈನೋ ಆಮ್ಲಗಳೆಂಬ ಇಪ್ಪತ್ತು ಅಕ್ಷರಗಳುಂಟು. ಅವುಗಳನ್ನು ಸಾಲಾಗಿ ಪೋಣಿಸಿದರೆ ಪದವಾಗುವದು. ಪದವು ಚಿಕ್ಕದಿದ್ದರೆ ಪೆಪ್ಟೈಡ್, ದೊಡ್ಡದಿದ್ದರೆ ಪ್ರೋಟೀನು. ಇನ್ಸುಲಿನ್ನಿನಲ್ಲಿ ಒಟ್ಟು ೫೧ ಅಕ್ಷರಗಳು: ಒಂದು ಎಳೆಯಲ್ಲಿ ೨೧, ಇನ್ನೊಂದರಲ್ಲಿ ೩೦. ಇದನ್ನು ಪೂರ್ಣ ಓದಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಎಂಬ ವಿದ್ವಾಂಸರು. ಅದಕ್ಕಾಗಿ ೧೯೫೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಆದರೆ ಅಕ್ಷರಗಳ ಸಾಲಷ್ಟೇ ಅರ್ಥವನ್ನು ಕೊಡಲಾರದು. ಆ ಸಾಲು ತಕ್ಕ ರೀತಿಯಲ್ಲಿ ಮಡಿಚಿಕೊಂಡು, ಎಳೆಗೆ ಎಳೆ ಸಂಧಿಸಿ, ಒಂದು ಆಕಾರವನ್ನು ತಾಳಬೇಕು. ಆಕಾರ ಕೆಟ್ಟರೆ ಅರ್ಥ ಕೆಟ್ಟಂತೆಯೇ. ಹಾಲಿಗೆ ನಿಂಬೆಯ ರಸ ಬಿದ್ದರೆ ಹಾಲು ಒಡೆಯುವದನ್ನು ತಾಯಂದಿರು ನಿತ್ಯ ಕಾಣುವರು. ಅದು ಹಾಲಿನ ಪ್ರೋಟೀನುಗಳು ತಮ್ಮ ಸಮತೆಯನ್ನು ಕಳೆದುಕೊಂಡು ಗಟ್ಟಿಗೂಡುವ ಬಗೆ. ಒಡೆದ ಹಾಲನ್ನು ಮತ್ತೆ ಹಾಲಾಗಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

ಈಗ ಇಂಥ ನಾಜೂಕಾದ ವಸ್ತುವನ್ನು ನುಂಗಿದರೆ ಆಗುವದೇನು? ನಮ್ಮ ಹೊಟ್ಟೆಗೆ ತೊಗರಿಬೇಳೆಯ ಪ್ರೋಟೀನಿಗೂ ಇನ್ಸುಲಿನ್ನಿಗೂ ಭೇದ ತಿಳಿಯದು. ಎರಡನ್ನೂ ಅದು ಆಹಾರವೆಂದೇ ಎಣಿಸಿ, ಅಕ್ಷರ ಅಕ್ಷರವಾಗಿ ಬಿಡಿಸಿಹಾಕುವದು. ಬೇಳೆಯ ವಿಷಯದಲ್ಲಿ ಇದು ನಮಗೆ ಪುಷ್ಟಿ. ಇನ್ಸುಲಿನ್ನಿನ ವಿಷಯದಲ್ಲಿ ಶುದ್ಧ ನಷ್ಟ. ಜಾತ್ರೆಯ ಪುಡಿಯಲ್ಲಿ ನಿಜವಾದ ಇನ್ಸುಲಿನ್ ಇದ್ದಿತೆಂದೇ ಇಟ್ಟುಕೊಂಡರೂ, ನಮ್ಮಣ್ಣನು ಎಂಟು ತಿಂಗಳು ತಿಂದದ್ದು ಒಂದು ಚಿಟಿಕೆ ಬೇಳೆಹಿಟ್ಟಿಗೆ ಸಮನಾದದ್ದು.

ಬೀದರದ ಕೋಟೆಯನ್ನು ತಾವೆಲ್ಲರೂ ನೋಡಿರುವಿರಷ್ಟೆ. ಬಂಡೆಯನ್ನು ಕೊರೆದು ಮಾಡಿದ ಮೂರು ಸಾಲಿನ ಕಂದಕವು ಅಲ್ಲಿದೆ. ನಮ್ಮ ದೇಹವೆಂಬ ಕೋಟೆಗೂ ಅನ್ನಮಾರ್ಗದಲ್ಲಿ ಅಂಥ ಮೂರು ಕಂದಕಗಳಿವೆ. ಮೊದಲನೆಯದು ಜಠರದ ಹುಳಿ ಮತ್ತು ಪ್ರೋಟೀನನ್ನು ಕತ್ತರಿಸುವ ಪಾಚಕರಸಗಳು. ಎರಡನೆಯದು ಸಣ್ಣ ಕರುಳಿನ ಒಳಮೈಗೆ ಬಳಿದಿರುವ ಲೋಳೆ; ಅದು ಬಲೆಯಂತಿದ್ದು, ಅಂಟಿಕೊಂಡದ್ದನ್ನೆಲ್ಲ ತನ್ನೊಡನೆ ಕೆಳಗೆ ಒಯ್ಯುತ್ತಲೇ ಇರುವದು. ಮೂರನೆಯದು ಕರುಳಿನ ಗೋಡೆ. ಆ ಗೋಡೆಯು ಒಂದೇ ಸಾಲಿನ ಜೀವಕಣಗಳದ್ದಾದರೂ, ಕಣಕ್ಕೂ ಕಣಕ್ಕೂ ನಡುವಣ ಸಂದು ಬಲು ಬಿಗಿಯಾದದ್ದು. ಅಮೈನೋ ಆಮ್ಲದಂಥ ಬಿಡಿ ಅಕ್ಷರಗಳಿಗೆ ದಾರಿಯುಂಟು. ಐವತ್ತೊಂದು ಅಕ್ಷರಗಳ ಇಡೀ ಪದಕ್ಕೆ ದಾರಿಯಿಲ್ಲ. ಸೂಜಿಯು ಈ ಮೂರು ಕಂದಕಗಳನ್ನು ಬಿಟ್ಟು ಚರ್ಮದ ಕೆಳಗೆ ನೇರವಾಗಿ ಔಷಧಿಯನ್ನು ಇಳಿಸುವದು. ನೂರು ವರ್ಷಗಳಾದರೂ ಸೂಜಿಯನ್ನು ಬಿಡಲಾಗದ ಕಾರಣವಿದೇ.

ಹಾಗಾದರೆ ಕಂದಕಗಳನ್ನು ದಾಟಿಸುವ ಉಪಾಯವೇ ಇಲ್ಲವೇ? ಉಂಟೆಂದು ನಂಬಿ ಪ್ರಯತ್ನಿಸುವವರ ವಿದ್ಯೆಯೇ ಸೂಕ್ಷ್ಮವಾಹಕ ವಿದ್ಯೆ. ಔಷಧಿಯನ್ನು ಬರಿದಾಗಿ ಕಳುಹಿಸದೆ ಒಂದು ಕವಚದಲ್ಲಿಟ್ಟು ಕಳುಹಿಸುವದು ಅದರ ಮೂಲತತ್ವ. ನಾವು ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುತ್ತೇವೆ. ಹೊಲದಲ್ಲಿ ದುಡಿಯುವಾಗಲೂ ದಾರಿ ನಡೆಯುವಾಗಲೂ ಕರಡಿಗೆಯು ಅದನ್ನು ಕಾಯುವದು. ಪೂಜೆಯ ಹೊತ್ತಿಗೆ ಕರಡಿಗೆಯನ್ನು ತೆರೆಯುವೆವು. ಕಾಯುವದೂ ಬೇಕು, ಹೊತ್ತಿಗೆ ತೆರೆಯುವದೂ ಬೇಕು. ತೆರೆಯದ ಕರಡಿಗೆಯಿಂದ ಪೂಜೆ ಸಾಗದು. ದೊಡ್ಡ ವಸ್ತುವಿನ ಹೋಲಿಕೆಯನ್ನು ಸಣ್ಣದಕ್ಕೆ ಕೊಟ್ಟೆನೆಂದು ತಾವು ಮನ್ನಿಸಬೇಕು. ಇದಕ್ಕಿಂತ ಸಮೀಪದ ಶಬ್ದವು ನನಗೆ ಸಿಕ್ಕಲಿಲ್ಲ.

ಈ ಕರಡಿಗೆಯ ಅಳತೆಯು ಕಣ್ಣಿಗೆ ನಿಲುಕುವಂಥದ್ದಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ತಲೆಗೂದಲಿನ ದಪ್ಪವು ಸುಮಾರು ೮೦,೦೦೦ ನ್ಯಾನೋಮೀಟರು. ಔಷಧಿಯ ಕರಡಿಗೆಯು ಸಾಮಾನ್ಯವಾಗಿ ನೂರು, ಇನ್ನೂರು ನ್ಯಾನೋಮೀಟರಿನದು. ಅಂದರೆ ನೂರರ ಅಳತೆಯ ಎಂಟುನೂರು ಕರಡಿಗೆಗಳನ್ನು ಸಾಲಾಗಿಟ್ಟರೆ ಒಂದು ಕೂದಲಿನ ಅಡ್ಡಗಲವಾದೀತು. ಇಷ್ಟು ಚಿಕ್ಕದೇಕೆಂದರೆ, ಕರುಳಿನ ಲೋಳೆಯ ಬಲೆಯ ಕಣ್ಣುಗಳೂ ಹೆಚ್ಚು ಕಡಿಮೆ ಆ ಅಳತೆಯವೇ. ದೊಡ್ಡದಾದರೆ ಬಲೆಯಲ್ಲಿ ಸಿಕ್ಕಿಬೀಳುವದು.

ಕರಡಿಗೆಯನ್ನು ಯಾವದರಿಂದ ಮಾಡುವರು? ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೊಬ್ಬಿನ ಗುಳ್ಳೆ. ಬ್ರಿಟಿಷ್ ವಿಜ್ಞಾನಿ ಅಲೆಕ್ ಬ್ಯಾಂಗಮ್ ಅವರು ೧೯೬೦ರ ದಶಕದಲ್ಲಿ ಕೆಲವು ಕೊಬ್ಬುಗಳು ನೀರಿನಲ್ಲಿ ತಾವೇ ತಾವಾಗಿ ಪೊಳ್ಳು ಗುಳ್ಳೆಗಳಾಗುವದನ್ನು ಕಂಡರು. ಇವಕ್ಕೆ ಲೈಪೋಸೋಮ್ ಎಂದು ಹೆಸರಾಯಿತು. ನಮ್ಮ ದೇಹದ ಜೀವಕಣಗಳ ಹೊರಪೊರೆಯೂ ಇಂಥ ಕೊಬ್ಬಿನದೇ ಆದ್ದರಿಂದ ದೇಹಕ್ಕೆ ಇವು ತೀರ ಪರಕೀಯವಲ್ಲ. ಎರಡನೆಯದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳನ್ನು ಸರಪಳಿಯಾಗಿ ಕೂಡಿಸಿದ ವಸ್ತು. ಲ್ಯಾಕ್ಟಿಕ್ ಎಂದರೆ ಮೊಸರಿನಲ್ಲಿರುವ ಹುಳಿಯೇ. ಈ ಸರಪಳಿಯು ದೇಹದ ನೀರಿನಲ್ಲಿ ಮೆಲ್ಲಮೆಲ್ಲಗೆ ಕರಗಿ, ಒಳಗಿನ ಔಷಧಿಯನ್ನು ದಿನಗಟ್ಟಲೆ, ವಾರಗಟ್ಟಲೆ ಬಿಡುತ್ತಿರುವದು. ಮೂರನೆಯದು ಕೈಟೋಸಾನ್ ಎಂಬದು. ಇದು ಕರುಳಿನ ಲೋಳೆಗೆ ಅಂಟಿಕೊಂಡು, ಕಣಗಳ ನಡುವಣ ಬಿಗಿಯಾದ ಸಂದನ್ನು ಸ್ವಲ್ಪ ಹೊತ್ತು ಸಡಿಲಿಸುವದು. ಇದನ್ನು ಹೆಚ್ಚಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವರು. ಅಣಬೆಯ ಜಾತಿಗಳಿಂದಲೂ ತೆಗೆಯಬಹುದಾಗಿದೆ. ಮೊದಲಿನ ಪ್ರಶ್ನೆಯನ್ನು ಮತ್ತೆ ಯಾರಾದರೂ ಕೇಳಿದಾಗ ನಾನು ತಲೆಯಾಡಿಸಿ ಸುಮ್ಮನಾಗಬಾರದೆಂದು ಇದನ್ನು ಬಿಚ್ಚಿ ಹೇಳಿದ್ದೇನೆ.

ಔಷಧಿಗೆ ವಾಹಕವು ಬೇಕೆಂಬ ಭಾವನೆ ನಮಗೆ ಹೊಸದಲ್ಲ. ಆಯುರ್ವೇದದಲ್ಲಿ ಅನುಪಾನವೆಂಬ ವಿಧಿಯಿದೆ: ಇಂಥ ಚೂರ್ಣವನ್ನು ಹಾಲಿನಲ್ಲಿ, ಇಂಥದನ್ನು ತುಪ್ಪದಲ್ಲಿ, ಇಂಥದನ್ನು ಜೇನಿನಲ್ಲಿ. ಜೇನಿಗೆ ಯೋಗವಾಹಿಯೆಂಬ ಹೆಸರೇ ಉಂಟು. ಕೂಡಿದ ದ್ರವ್ಯದ ಗುಣವನ್ನು ಹೊತ್ತೊಯ್ಯುವದೆಂದು ಅದರ ಅರ್ಥ. ಆದರೆ ಇದರಿಂದ ನಮ್ಮ ಪೂರ್ವಿಕರಿಗೆ ನ್ಯಾನೋ ವಿದ್ಯೆಯು ಗೊತ್ತಿದ್ದಿತೆಂದು ಸಾಧಿಸಲು ನಾನು ಹೊರಟಿಲ್ಲ. ಶಬ್ದಸಾಮ್ಯದಿಂದ ವಸ್ತುಸಾಮ್ಯವನ್ನು ಹೇಳುವದು ತರ್ಕಶಾಸ್ತ್ರದಲ್ಲಿ ದೋಷವಾಗಿದೆ. ಪ್ರಶ್ನೆಯು ಹಳೆಯದು, ಉತ್ತರವು ಹೊಸದು ಎಂದಷ್ಟೇ ನನ್ನ ಅಭಿಪ್ರಾಯ.

ಕರಡಿಗೆಯ ಕೆಲಸವನ್ನು ನಮ್ಮ ಸೀಮೆಯ ಎರಡು ದೃಷ್ಟಾಂತಗಳಿಂದ ವಿವರಿಸುವೆನು. ಬೀದರದ ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಎಂಬ ಸುರಂಗ ಕಾಲುವೆಯಿದೆ. ನೆಲದ ಮೇಲೆ ಹರಿದರೆ ನೀರು ಬಿಸಿಲಿಗೆ ಆರಿ, ದಾರಿಯಲ್ಲಿ ಇಂಗಿ ಹೋಗುತ್ತಿತ್ತು. ಆದುದರಿಂದ ಕಟ್ಟಿದವರು ಅದನ್ನು ಭೂಮಿಯ ಹೊಟ್ಟೆಯೊಳಗಿಂದ ತಂದು, ಬೇಕಾದೆಡೆಯಲ್ಲಿ ಮಾತ್ರ ಮೇಲಕ್ಕೆತ್ತುವಂತೆ ಬಾಯಿಗಳನ್ನು ತೆಗೆದರು. ದಾರಿಯಲ್ಲಿ ಕಾಯುವದು ಎಂದರೆ ಇದು. ಇನ್ನೊಂದು ದೃಷ್ಟಾಂತವು ಭಾಲ್ಕಿಯದು. ನಿಜಾಮರ ಆಡಳಿತದಲ್ಲಿ ಉರ್ದುವೇ ಶಾಲೆಯ ಭಾಷೆಯಾಗಿದ್ದಾಗ, ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬದನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಕಾವಲುಗಾರನ ಕಣ್ಣಿಗೆ ಒಪ್ಪುವ ಹೊರಗವಚ, ಒಳಗೆ ಜೀವ ಉಳಿಸುವ ಸತ್ವ. ವಿಜ್ಞಾನಿಗಳು ಮಾಡುತ್ತಿರುವದೂ ಹೀಗೆಯೇ. ಕರುಳಿನ ಗೋಡೆಯು ಬಿ-೧೨ ಜೀವಸತ್ವವನ್ನು ಗುರುತಿಸಿ ಒಳಗೆ ಕರೆದುಕೊಳ್ಳುವದು. ಆದಕಾರಣ ಕರಡಿಗೆಯ ಮೈಗೆ ಆ ಜೀವಸತ್ವವನ್ನೇ ಫಲಕದಂತೆ ತಗಲಿಸಿ, ಒಳಗೆ ಇನ್ಸುಲಿನ್ನನ್ನಿಟ್ಟು ಕಳುಹಿಸುವ ಪ್ರಯೋಗಗಳು ಪ್ರಾಣಿಗಳಲ್ಲಿ ನಡೆದಿವೆ.

ಈ ವಿದ್ಯೆಯಿಂದ ಈವರೆಗೆ ಕೈಸೇರಿದ್ದೆಷ್ಟು? ಇಲ್ಲಿ ನಾವು ಎಚ್ಚರದಿಂದ ಲೆಕ್ಕ ಹಾಕಬೇಕು.

ಸೂಜಿಯ ಮೂಲಕವೇ ಕೊಡುವ ಔಷಧಿಗಳಲ್ಲಿ ಜಯವು ಖಚಿತವಾಗಿದೆ. ಲ್ಯೂಪ್ರೊಲೈಡ್ ಎಂಬ ಒಂಬತ್ತು ಅಕ್ಷರಗಳ ಪೆಪ್ಟೈಡನ್ನು ಮೇಲೆ ಹೇಳಿದ ಕರಗುವ ಸರಪಳಿಯ ಕಣಗಳಲ್ಲಿಟ್ಟು ೧೯೮೯ರಲ್ಲಿ ಅಮೇರಿಕೆಯಲ್ಲಿ ಬಳಕೆಗೆ ತಂದರು. ಆ ಕಣಗಳು ನ್ಯಾನೋ ಅಳತೆಗಿಂತ ದೊಡ್ಡವು. ಆದರೆ ನಿತ್ಯವೂ ಚುಚ್ಚಿಸಿಕೊಳ್ಳಬೇಕಾದ ರೋಗಿಗೆ ತಿಂಗಳಿಗೊಂದೇ ಚುಚ್ಚು ಸಾಕಾಯಿತು. ೨೦೨೦ರ ಡಿಸೆಂಬರಿನಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕೊರೊನಾ ರೋಗಕ್ಕೆ ಕೊಡತೊಡಗಿದ ಹೊಸ ಬಗೆಯ ಲಸಿಕೆಗಳು ನೂರು ನ್ಯಾನೋಮೀಟರಿನ ಆಸುಪಾಸಿನ ಕೊಬ್ಬಿನ ಕರಡಿಗೆಗಳಲ್ಲಿದ್ದವು. ಅವುಗಳೊಳಗೆ ಇದ್ದುದು ಪ್ರೋಟೀನಲ್ಲ, ಪ್ರೋಟೀನನ್ನು ಮಾಡುವ ಬರೆಹ. ಅಡಿಗೆಯನ್ನು ಕಳುಹಿಸುವ ಬದಲು ಅಡಿಗೆಯ ವಿಧಾನವನ್ನು ಬರೆದು ಕಳುಹಿಸಿದಂತೆ. ಪುಣೆಯ ಒಂದು ಸಂಸ್ಥೆಯ ಇಂಥದೇ ಜಾತಿಯ ಲಸಿಕೆಗೆ ೨೦೨೨ರ ಜೂನಿನಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು.

ನುಂಗುವ ಮಾತ್ರೆಯ ವಿಷಯವು ಬೇರೆಯಾದದ್ದು. ಸೆಮಾಗ್ಲುಟೈಡ್ ಎಂಬ ೩೧ ಅಕ್ಷರಗಳ ಪೆಪ್ಟೈಡಿನ ಮಾತ್ರೆಗೆ ೨೦೧೯ರ ಸೆಪ್ಟೆಂಬರಿನಲ್ಲಿ ಅಮೇರಿಕೆಯಲ್ಲಿ ಅನುಮತಿಯಾಯಿತು. ೨೦೨೨ರಲ್ಲಿ ಅದು ಭಾರತಕ್ಕೂ ಬಂದಿತು. ಅದರಲ್ಲಿರುವದು ನ್ಯಾನೋ ಕರಡಿಗೆಯಲ್ಲ. ಜೊತೆಗೆ ಸೇರಿಸಿದ ಒಂದು ಸಹಾಯಕ ಲವಣವು ಜಠರದ ಹುಳಿಯನ್ನು ಅಷ್ಟು ಜಾಗದಲ್ಲಿ ಶಾಂತಗೊಳಿಸಿ, ಔಷಧಿಯನ್ನು ಗೋಡೆಯಾಚೆ ದಾಟಿಸುವದು. ಆದರೂ ದಾಟುವದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಲೆಕ್ಕವನ್ನು ನೋಡಿರಿ: ವಾರಕ್ಕೊಮ್ಮೆ ಚುಚ್ಚುವ ಅದೇ ಔಷಧಿಯ ಒಂದು ರೂಢಿಯ ಪ್ರಮಾಣ ೧ ಮಿಲಿಗ್ರಾಮು. ಮಾತ್ರೆಯಾದರೆ ದಿನಕ್ಕೆ ೧೪ರಂತೆ ವಾರಕ್ಕೆ ೯೮ ಮಿಲಿಗ್ರಾಮು. ಬರಿ ಹೊಟ್ಟೆಯಲ್ಲಿ ಅರ್ಧ ಲೋಟದಷ್ಟು ನೀರಿನೊಡನೆ ನುಂಗಿ ಅರ್ಧ ತಾಸು ಕಾಯಬೇಕು. ಇದು ಮಧುಮೇಹದ ಔಷಧಿಯೇ ಹೊರತು ಇನ್ಸುಲಿನ್ ಅಲ್ಲ. ಇನ್ಸುಲಿನ್ನೇ ಬೇಕಾದವರಿಗೆ ಬದಲಿಯಾಗಲಾರದು.

ಇನ್ಸುಲಿನ್ನಿನ ಮಾತ್ರೆಯನ್ನು ಮಾಡಲು ನಮ್ಮ ನಾಡಿನಲ್ಲಿಯೇ ಪ್ರಾಮಾಣಿಕವಾದ ಪ್ರಯತ್ನ ನಡೆಯಿತು. ಬೆಂಗಳೂರಿನ ಆ ಬಯೋಕಾನ್ ಸಂಸ್ಥೆಯು ಇನ್ಸುಲಿನ್ನಿನ ಒಂದು ಅಕ್ಷರಕ್ಕೆ ಪುಟ್ಟ ರಕ್ಷಕ ಬಾಲವೊಂದನ್ನು ಜೋಡಿಸಿ, ದಾರಿ ಬಿಡಿಸುವ ಒಂದು ಸಹಾಯಕ ದ್ರವ್ಯವನ್ನು ಕೂಡಿಸಿ, ಐಎನ್-೧೦೫ ಎಂಬ ಮಾತ್ರೆಯನ್ನು ಸಿದ್ಧಪಡಿಸಿತು. ೨೦೧೧ರ ಮೊದಲಲ್ಲಿ ಅದರ ದೊಡ್ಡ ಪರೀಕ್ಷೆಯ ಫಲವನ್ನು ಪ್ರಕಟಿಸಿತು: ಹುಸಿಮಾತ್ರೆ ತೆಗೆದುಕೊಂಡವರಿಗಿಂತ ನಿಜಮಾತ್ರೆ ತೆಗೆದುಕೊಂಡವರಲ್ಲಿ, ಗುರಿಯಿಟ್ಟುಕೊಂಡ ಪ್ರಮಾಣದಲ್ಲಿ ರಕ್ತದ ಸಕ್ಕರೆಯು ಇಳಿಯಲಿಲ್ಲ. ಪರೀಕ್ಷೆಗಳು ಅನಂತರವೂ ಮುಂದುವರಿದವು. ಇಲ್ಲಿ ನಾನು ತಮ್ಮ ಗಮನಕ್ಕೆ ತರುವದು ಒಂದು ಮಾತು. ತನ್ನ ಔಷಧಿಯು ಗುರಿ ಮುಟ್ಟಲಿಲ್ಲವೆಂದು ಲೋಕಕ್ಕೆ ಸಾರುವದು ವಿದ್ಯೆಯ ಲಕ್ಷಣ. ಜಾತ್ರೆಯ ಪುಡಿಯವನು ತನ್ನ ಪುಡಿಯು ಯಾರಿಗೂ ನಾಟಲಿಲ್ಲವೆಂದು ಎಂದಾದರೂ ಸಾರಿದ್ದನ್ನು ಕೇಳಿರುವಿರೇನು?

ಇಷ್ಟು ಕಷ್ಟವೇಕೆಂದರೆ, ಕರಡಿಗೆಯ ಮುಂದಿರುವ ಧರ್ಮಸಂಕಟಗಳು ಹಲವು. ಲೋಳೆಗೆ ಅಂಟಿದರೆ ಕೊಚ್ಚಿಹೋಗುವದು. ಅಂಟದೆ ಜಾರಿದರೆ ಗೋಡೆಯ ಬಳಿ ನಿಲ್ಲದು. ಬಲು ಗಟ್ಟಿಯಾದರೆ ತೆರೆಯದು. ಸಡಿಲವಾದರೆ ಜಠರದಲ್ಲಿಯೇ ಒಡೆಯುವದು. ಕರುಳಿನ ಸಂದನ್ನು ಸಡಿಲಿಸಿದರೆ ಔಷಧಿಯ ಬೆನ್ನಿಗೆ ಬೇಡದ ವಿಷವೂ ನುಸುಳಬಹುದು. ಎಲ್ಲಕ್ಕೂ ಮಿಗಿಲಾಗಿ, ಇನ್ಸುಲಿನ್ನಿನ ಅಳತೆಯು ಕತ್ತಿಯ ಅಲಗಿನಂಥದು. ಕಡಿಮೆಯಾದರೆ ಸಕ್ಕರೆ ಏರುವದು, ಹೆಚ್ಚಾದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಇಂದು ಒಂದು ಪಾಲು ದಾಟಿ, ನಾಳೆ ಊಟದ ಭೇದದಿಂದ ಐದು ಪಾಲು ದಾಟುವ ಮಾತ್ರೆಯನ್ನು ಯಾವ ವೈದ್ಯರು ಧೈರ್ಯದಿಂದ ಕೊಟ್ಟಾರು? ನ್ಯಾನೋ ಔಷಧಿಗಳನ್ನು ಹೇಗೆ ಪರೀಕ್ಷಿಸಬೇಕೆಂಬದಕ್ಕೆ ಭಾರತ ಸರಕಾರವು ೨೦೧೯ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಆದರೂ ಪ್ರಯತ್ನವನ್ನು ಬಿಡದಿರಲು ಒಳ್ಳೆಯ ಕಾರಣವಿದೆ. ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುವದು. ಕರುಳಿನಿಂದ ಹೀರಲ್ಪಟ್ಟದ್ದೂ ಅದೇ ದಾರಿಯನ್ನು ಹಿಡಿಯುವದು. ಸೂಜಿಯದು ಹಾಗಲ್ಲ. ಆದಕಾರಣ ಮಾತ್ರೆಯು ಸಿದ್ಧಿಸಿದರೆ ಅದು ಕೇವಲ ನೋವಿಲ್ಲದ ದಾರಿಯಲ್ಲ, ಪ್ರಕೃತಿಗೆ ಹತ್ತಿರದ ದಾರಿಯೂ ಆದೀತು.

ಆ ದಿವಸವು ಬರಲಿ. ನಾನು ಈ ಮಾತುಗಳನ್ನು ಬರೆದಿಡುವ ಹೊತ್ತಿಗೆ, ವೈದ್ಯರು ಚೀಟಿಯಲ್ಲಿ ಬರೆದುಕೊಡಬಹುದಾದ ನುಂಗುವ ಇನ್ಸುಲಿನ್ ನಮ್ಮ ಔಷಧಿ ಅಂಗಡಿಗಳಲ್ಲಿಲ್ಲ. ಹೊಟ್ಟೆಗೆ ನುಂಗುವ ಇನ್ಸುಲಿನ್ ಎಂದು ಯಾರಾದರೂ ಮಾರಿದರೆ, ನ್ಯಾನೋ ಎಂಬ ಹೊಸ ಹೆಸರನ್ನು ಡಬ್ಬಿಯ ಮೇಲೆ ಬರೆದಿದ್ದರೂ, ತಾವು ನಂಬಬೇಡಿರಿ; ವೈದ್ಯರಿಗೆ ತೋರಿಸಿರಿ.

ಈಗಿರುವ ಸೂಜಿಯ ಔಷಧಿಯನ್ನು ಕಾಪಾಡುವದು ನಮ್ಮ ಕೈಯಲ್ಲಿಯೇ ಇದೆ. ದನಗಳ ಕಾಲುಬಾಯಿ ಜ್ವರದ ಲಸಿಕೆಯನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬರುವದನ್ನು, ದೇವಣಿ ಹಸುಗಳನ್ನು ಸಾಕುವ ಔರಾದ, ಭಾಲ್ಕಿಯ ರೈತರು ಕಂಡಿದ್ದಾರೆ. ಇನ್ಸುಲಿನ್ನಿಗೂ ಅಂಥದೇ ಜೋಪಾನ ಬೇಕು. ಒಡೆಯದ ಸೀಸೆಯನ್ನು ೨ರಿಂದ ೮ ಅಂಶದ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು. ಬಳಕೆಯಲ್ಲಿರುವ ಸೀಸೆಯು ಬಿಸಿಲು, ಸೆಕೆ ತಗಲದಂತಿದ್ದರೆ ಸುಮಾರು ನಾಲ್ಕು ವಾರ ಬರುವದು. ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ, ನಮ್ಮ ನಲವತ್ತು ಅಂಶ ಮೀರುವ ಬೇಸಿಗೆಯಲ್ಲಿ, ದೊಡ್ಡ ಮಣ್ಣಿನ ಗಡಿಗೆಯೊಳಗೆ ಹಸಿ ಮರಳು ಹಾಕಿ, ಅದರ ನಡುವೆ ಸಣ್ಣ ಗಡಿಗೆಯನ್ನಿಟ್ಟು, ಅದರಲ್ಲಿ ಸೀಸೆಯನ್ನು ಒದ್ದೆಯಾಗದಂತೆ ಇಡಬಹುದು. ಸೀಸೆಯ ಮೇಲೆ ೪೦ ಎಂದಿದೆಯೋ ೧೦೦ ಎಂದಿದೆಯೋ ನೋಡಿ, ಅದಕ್ಕೆ ಹೊಂದುವ ಪಿಚಕಾರಿಯನ್ನೇ ಬಳಸಬೇಕು. ಇಲ್ಲಿ ತಪ್ಪಿದರೆ ಅಳತೆಯು ಎರಡೂವರೆ ಪಟ್ಟು ತಪ್ಪುವದು. ಬೆವರು, ನಡುಕ, ತಲೆ ತಿರುಗುವಿಕೆ ಕಂಡರೆ ಎಚ್ಚರವಿರುವವನಿಗೆ ಕೂಡಲೇ ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೊಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಶ್ರಾವಣ, ಶಿವರಾತ್ರಿಗಳ ಉಪವಾಸವನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ಅಂಗಾಲನ್ನು ನಿತ್ಯವೂ ನೋಡಿಕೊಳ್ಳಬೇಕು. ನಮ್ಮಣ್ಣನ ಮುಳ್ಳನ್ನು ಮೊದಲ ದಿನ ಯಾರೂ ನೋಡಲಿಲ್ಲ. ಇನ್ನು ಎಳೆಯ ಮಕ್ಕಳಿಗೆ ಬರುವ ಮಧುಮೇಹದಲ್ಲಿ ಇನ್ಸುಲಿನ್ನನ್ನು ಒಂದೆರಡು ದಿವಸ ಬಿಟ್ಟರೂ ಪ್ರಾಣಾಪಾಯವೆಂಬದನ್ನು ತಾಯಂದಿರು ಮನಸ್ಸಿನಲ್ಲಿಡಬೇಕು.

ಸದ್ಭಕ್ತರೇ, ಮಠಕ್ಕೆ ಬರುವವರು ದೇವರ ವಿಷಯವನ್ನಷ್ಟೇ ಕೇಳುವದಿಲ್ಲ. ಎತ್ತು ಕೊಳ್ಳುವದನ್ನೂ, ಮಗಳ ಲಗ್ನವನ್ನೂ, ಮೈಯ ಬೇನೆಯನ್ನೂ ಕೇಳುತ್ತಾರೆ. ನಾವು ಕಾಷಾಯವನ್ನೋ ಪಂಡಿತನೆಂಬ ಹೆಸರನ್ನೋ ಹೊತ್ತಿರುವದರಿಂದ ನಮ್ಮ ಮೌನಕ್ಕೂ ಬೆಲೆ ಕಟ್ಟುತ್ತಾರೆ. ಆದುದರಿಂದ ಪಾಠಶಾಲೆಯ ನನ್ನ ವಿದ್ಯಾರ್ಥಿಗಳಿಗೆ ಈ ಮಹೋತ್ಸವದ ದಿನ ನಾನು ಹೇಳಬೇಕಾದ ಪಾಠವು ಇಷ್ಟೇ. ತಿಳಿದಿದ್ದರೆ ಹೇಳಿರಿ. ತಿಳಿಯದಿದ್ದರೆ "ನನಗೆ ತಿಳಿಯದು; ನಡೆಯಿರಿ, ತಿಳಿದವರಲ್ಲಿಗೆ ಹೋಗೋಣ" ಎಂದು ಎದ್ದು ನಿಲ್ಲಿರಿ. ಬೇನೆಯವನ ಕೈಹಿಡಿದು ಆಸ್ಪತ್ರೆಯವರೆಗೆ ನಡೆಯುವವನೂ ಔಷಧಿಯ ವಾಹಕನೇ.

ಮುಂದಿನ ಸೋಮವಾರದಿಂದ ಮಠದ ಪೂರ್ವದ ಪಡಸಾಲೆಯಲ್ಲಿ ಒಂದು ತಂಪುಪೆಟ್ಟಿಗೆಯನ್ನು ಇರಿಸಲು ಸನ್ನಿಧಿಯವರು ಅಪ್ಪಣೆ ಕೊಡಿಸಿದ್ದಾರೆ. ಮನೆಯಲ್ಲಿ ಅನುಕೂಲವಿಲ್ಲದ ಭಕ್ತರು ತಮ್ಮ ಹೆಸರು ಬರೆದ ಸೀಸೆಯನ್ನು ಅಲ್ಲಿಡಬಹುದು, ಜಾತಿಮತಗಳ ವಿಚಾರಣೆಯಿಲ್ಲ. ಅದರ ಕೀಲಿಯು ನನ್ನ ಬಳಿಯಲ್ಲಿರುವದು. ಬೆಳಗಿನ ಪೂಜೆಗೆ ಮುಂಚೆಯೂ ರಾತ್ರಿಯ ಪ್ರಸಾದಕ್ಕೆ ಮುಂಚೆಯೂ ನಾನು ಅಲ್ಲಿಯೇ ಕುಳಿತಿರುತ್ತೇನೆ. ಕೇಳಬೇಕಾದದ್ದೇನಾದರೂ ಇದ್ದರೆ ಸಂಕೋಚವಿಲ್ಲದೆ ಕೇಳಿರಿ.